ಪಾದ್ರಿ ಸದಾನಂದರ ಕದಿಯುವ ಸನ್ನೆ

ಲಂಡನ್ನಿನ ಪಶ್ಚಿಮ ಅಂಚಿನ ಫೆಲ್ಥಮ್‌ನ ಸದಾನಂದ ಕರ್ಕಡರಿಗೆ ವಾರದಲ್ಲಿ ಐದು ದಿನ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಮೇಲ್ವಿಚಾರಕನ ಕೆಲಸ. ಭಾನುವಾರ ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನ ಹಿಂದಿರುವ ಸಣ್ಣ ಚರ್ಚಿಗೆ ಅವರೇ ಸಭಾಪಾಲಕರು. ಉಡುಪಿಯ ಪ್ರಾಟೆಸ್ಟೆಂಟ್ ಮನೆತನದಲ್ಲಿ ಹುಟ್ಟಿ, ಎಳವೆಯಿಂದಲೇ ಕೀರ್ತನೆ ಹಾಡಿ ಬೆಳೆದವರು. ಹಳೆಯ ಪಾದ್ರಿ ನಿವೃತ್ತರಾದಾಗ "ಹೊಸಬರು ಬರುವ ತನಕ" ಎಂದು ಸಭೆಯವರು ಇವರ ಕೈಗೆ ಬೈಬಲ್ಲು ಕೊಟ್ಟಿದ್ದರು. ಏಳು ವರ್ಷವಾದರೂ ಹೊಸಬರ ಸುಳಿವಿರಲಿಲ್ಲ.

ಬೇಸ್‌ಬಾಲ್ ಗಂಟುಬಿದ್ದದ್ದು 2013ರ ಬೇಸಗೆಯಲ್ಲಿ. ಚರ್ಚಿನ ಹಾಲ್ ಗುಡಿಸುವಾಗ ಕಪಾಟಿನ ಹಿಂದೆ ಒಂದು ಪೆಟ್ಟಿಗೆ ಸಿಕ್ಕಿತು. ಊರು ಬಿಟ್ಟುಹೋದ ಯಾವುದೋ ಅಮೆರಿಕನ್ ಸಂಸಾರದ್ದು. ಒಳಗೆ ಎರಡು ಬ್ಯಾಟು, ಹತ್ತು ಚರ್ಮದ ಗ್ಲೌಸು. ಒಂಬತ್ತು ವರ್ಷದ ಮಗ ಶಿಶಿರ್ ಒಂದು ಗ್ಲೌಸಿಗೆ ಕೈ ತೂರಿಸಿದವನು ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ. ತಿಂಗಳೊಳಗೆ ಹನ್ನೊಂದು ಮಕ್ಕಳು ಸೇರಿದರು. ಕ್ರಿಕೆಟ್ ತಂಡಗಳಲ್ಲಿ ಬೌಂಡರಿ ಗೆರೆಯಾಚೆ ಹುಲ್ಲು ಕೀಳುತ್ತ ನಿಲ್ಲುತ್ತಿದ್ದವರೇ ಎಲ್ಲ. ಸದಾನಂದರು ಲೈಬ್ರರಿಯಿಂದ ಆಟದ ನಿಯಮಗಳ ಪುಸ್ತಕ ತಂದರು.

"ನಿಮಗೇ ಗೊತ್ತಿಲ್ಲದ ಆಟಕ್ಕೆ ನೀವು ಗುರು ಆಗುದಾ?" ಎಂದು ಕೇಳಿದರು ಹೆಂಡತಿ ಗುಲಾಬಿ.

"ಸ್ವರ್ಗ ನಾನು ನೋಡಿದ್ದೇನಾ? ಆದ್ರೂ ಪ್ರತಿ ಭಾನುವಾರ ಹೇಳುದಿಲ್ವಾ?" ಎಂದರು ಸದಾನಂದರು.

ಮೂರು ವರ್ಷದಲ್ಲಿ ತಂಡಕ್ಕೆ ಲೀಗಿನಲ್ಲಿ ಜಾಗ ಸಿಕ್ಕಿತು. ತೊಂದರೆ ಶುರುವಾದದ್ದೂ ಅಲ್ಲೇ. ಪಂದ್ಯಗಳೆಲ್ಲ ಭಾನುವಾರ ಮಧ್ಯಾಹ್ನ ಒಂದಕ್ಕೆ, ಅದೂ ಲಂಡನ್ನಿನ ಆ ತುದಿಯಲ್ಲಿ, ಎಜ್‌ವೇರ್ ಹತ್ತಿರದ ಮೈದಾನದಲ್ಲಿ. ಆರಾಧನೆ ಹತ್ತೂವರೆಗೆ. ಹನ್ನೊಂದೂ ಮುಕ್ಕಾಲಿಗೆ ವ್ಯಾನ್ ಹೊರಡದಿದ್ದರೆ ಆಟವಿಲ್ಲ. ದೇವರ ಸಮಯವನ್ನೂ ಲೀಗಿನ ಸಮಯವನ್ನೂ ಬದಲಿಸುವ ಅಧಿಕಾರ ಸದಾನಂದರಿಗೆ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಆರಾಧನೆಯಲ್ಲಿ ತಾವು ಮಾಡುವ ಉಪದೇಶ, ಪ್ರಸಂಗವೊಂದೇ. ಮುಕ್ಕಾಲು ಗಂಟೆಯ ಪ್ರಸಂಗ ಏಪ್ರಿಲಿನಲ್ಲಿ ಅರ್ಧ ಗಂಟೆಗಿಳಿಯಿತು, ಮೇ ತಿಂಗಳಲ್ಲಿ ಹದಿನೈದು ನಿಮಿಷಕ್ಕೆ. ನೋಹನ ಜಲಪ್ರಳಯ ನಾಲ್ಕೇ ನಿಮಿಷದಲ್ಲಿ ಇಂಗಿಹೋಯಿತು.

ಸಭೆಯವರು ಬೇಸರಪಟ್ಟಾರೆಂದು ಅವರಿಗೆ ಅಳುಕಿತ್ತು. ಆದರೆ ಜನ ಹೆಚ್ಚಾದರು. ಚರ್ಚಿನ ಕಾರ್ಯದರ್ಶಿ, ಜಮೈಕಾ ಮೂಲದ ಮಿಸೆಸ್ ಬೆರಿಲ್, ಕೈಕುಲುಕಿ, "ಪಾಸ್ಟರ್, ಈಚೆಗೆ ನಿಮ್ಮ ಮಾತಿನಲ್ಲಿ ಆತ್ಮದ ಬಲ ಕಾಣುತ್ತಿದೆ" ಎಂದರು.

ಆದರೆ ಜೂನಿನಲ್ಲಿ, ಲೀಗಿನ ಸೆಮಿಫೈನಲ್ ದಿನವೇ, ವಲಯದ ಮೇಲಧಿಕಾರಿ ರೆವರೆಂಡ್ ಕ್ರಾಫರ್ಡ್ ಪ್ರಸಂಗ ಮಾಡಲು ಬರುತ್ತಾರೆಂದು ಪತ್ರ ಬಂತು. ಒಳ್ಳೆಯ ಮನುಷ್ಯ, ಆದರೆ ಬಾಯಿ ತೆರೆದರೆ ಗಂಟೆಗೆ ಕಡಿಮೆಯಿಲ್ಲ.

ಆ ಭಾನುವಾರ ಕೊನೆಯ ಬೆಂಚಿನಲ್ಲಿ ತಂಡದ ಐದು ಮಕ್ಕಳು ಕೂತಿದ್ದರು. ಅವರ ಜೊತೆ ಬಸಲಿಂಗವ್ವ. ತಂಡದ ವ್ಯಾನ್ ಓಡಿಸುವ ಧಾರವಾಡದ ವೀರಣ್ಣನ ತಾಯಿ ಇವರು. ಮೊಮ್ಮಗ ನಿತೀಶನನ್ನು ಪಂದ್ಯಕ್ಕೆ ಹೊರಡಿಸಿಕೊಂಡು ಬಂದವರು ವ್ಯಾನ್ ಹೊರಡುವ ತನಕ ಚರ್ಚಿನಲ್ಲೇ ಕೂರುವುದು ರೂಢಿ. ಹಣೆಯ ಮೇಲೆ ವಿಭೂತಿ, ಮಡಿಲಲ್ಲಿ ಚುರುಮುರಿ ಡಬ್ಬಿ. ಇಂಗ್ಲಿಷು ಬಾರದಿದ್ದರೂ ಕೀರ್ತನೆ ಬಂದಾಗ ಎಲ್ಲರೊಡನೆ ಎದ್ದು ನಿಲ್ಲುತ್ತಿದ್ದರು. "ದೇವ್ರಿಗೇನ್ ಭಾಷಾದ ಹಂಗೈತಿ?" ಎನ್ನುತ್ತಿದ್ದರು.

ಹನ್ನೊಂದೂ ನಲವತ್ತಾಯಿತು. ಇಸ್ರಾಯೇಲ್ಯರ ಬಿಡುಗಡೆಯ ಕಥೆ ಹಿಡಿದಿದ್ದ ರೆವರೆಂಡರು ಇನ್ನೂ ಈಜಿಪ್ಟೇ ಬಿಟ್ಟು ಹೊರಟಿರಲಿಲ್ಲ. ಅವರ ಹಿಂದೆ, ಸಭೆಗೆ ಮುಖಮಾಡಿ ಕುರ್ಚಿಯಲ್ಲಿ ಕೂತಿದ್ದ ಸದಾನಂದರು ಗಡಿಯಾರ ನೋಡುತ್ತಲೇ ಇದ್ದರು. ವ್ಯಾನಿನ ಬಳಿ ವೀರಣ್ಣ ಕಾಯುತ್ತಿದ್ದಾನೆ. ತಾನು ಹೋಗದಿದ್ದರೂ ಚಿಂತೆಯಿಲ್ಲ, ಮಕ್ಕಳಾದರೂ ಹೋಗಬೇಕು. ಆಗ ಅವರಿಗೆ ನೆನಪಾದದ್ದು ಸನ್ನೆ.

ಬೇಸ್‌ಬಾಲಿನಲ್ಲಿ ಆಡುವವನಿಗೆ ಕೋಚ್ ದೂರದಿಂದ ಕೈಸನ್ನೆಯಲ್ಲೇ ಹೇಳಬೇಕು. ಎದುರಾಳಿಯ ಕಣ್ಣು ತಪ್ಪಿಸಿ ಒಂದು ಬೇಸಿನಿಂದ, ಅಂದರೆ ಓಟದ ನಡುವಿನ ತಂಗುಕಟ್ಟೆಯಿಂದ, ಮುಂದಿನದಕ್ಕೆ ಓಡಿಬಿಡುವುದನ್ನು ಆ ಆಟದಲ್ಲಿ 'ಕದಿಯುವುದು' ಎನ್ನುತ್ತಾರೆ. ಸದಾನಂದರ ತಂಡದಲ್ಲಿ ಅದಕ್ಕೆ ಸನ್ನೆ ಇದು: ಮೂಗು ಮುಟ್ಟಿ, ಎಡಗಿವಿ ಹಿಡಿದು, ತೋಳನ್ನು ಮೇಲಿಂದ ಕೆಳಕ್ಕೆ ಒರೆಸಬೇಕು.

ಸದಾನಂದರು ಮೂಗು ಮುಟ್ಟಿದರು. ಕಿವಿ ಹಿಡಿದರು. ಭಕ್ತಿಯಿಂದ ತಲೆ ತಗ್ಗಿಸಿ ತೋಳು ಒರೆಸಿಕೊಂಡರು.

ಶಿಶಿರನ ಕಣ್ಣು ಅರಳಿತು. ಬೆಂಚಿನಿಂದ ಜಾರಿ, ಬಗ್ಗಿ, ಪಕ್ಕದ ಬಾಗಿಲಿನಿಂದ ಮಾಯವಾದ. ಅವನ ಹಿಂದೆ ಎರಡನೆಯವನು, ಮೂರನೆಯವಳು, ನಾಲ್ಕನೆಯವನು. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಆದರೆ ನಿತೀಶ ತೂಕಡಿಸುತ್ತಿದ್ದ. ಮೂರು ವರ್ಷ ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿ ಕೂತಿದ್ದ ಬಸಲಿಂಗವ್ವನಿಗೆ ಸನ್ನೆಗಳೆಲ್ಲ ಬಾಯಿಪಾಠ. ಮೊಮ್ಮಗನ ಭುಜ ಅಲುಗಿಸಿ, ಇಡೀ ಚರ್ಚಿಗೆ ಕೇಳುವಂತೆ, "ಏಳೋ ತಮ್ಮಾ, ಪಾದ್ರಿ ಸಾಹೇಬ್ರು ಓಡ್ರಿ ಅನ್ನಾಕತ್ತಾರ, ನೀ ಮಲಗಿಯಲ್ಲ" ಎಂದರು.

ನಿತೀಶ ಬೆಚ್ಚಿ ಎದ್ದು ಓಡಿದ. ಚುರುಮುರಿ ಡಬ್ಬಿ ಉರುಳಿತು. ರೆವರೆಂಡ್ ಕ್ರಾಫರ್ಡ್ ಮಾತು ನಿಲ್ಲಿಸಿ ಹಿಂದಿರುಗಿ ನೋಡಿದರೆ, ಸದಾನಂದರ ಕೈ ಇನ್ನೂ ಮೊಣಕೈ ಮೇಲೇ ಇತ್ತು.

"ಆ ಅಜ್ಜಿ ಏನೆಂದರು?" ಎಂದು ಕೇಳಿದರು ರೆವರೆಂಡರು.

ಚರ್ಚಿನಲ್ಲಿ ನಿಂತು ಸುಳ್ಳು ಹೇಳುವ ಧೈರ್ಯ ಸದಾನಂದರಿಗಿರಲಿಲ್ಲ. "ಮಕ್ಕಳಿಗೆ ನಾನು ಸನ್ನೆ ಮಾಡಿದೆ, ಸರ್."

"ಏನೆಂದು?"

"ಕದಿಯಿರಿ ಎಂದು."

ರೆವರೆಂಡರ ಹಿಂದಿನ ಗೋಡೆಯಲ್ಲಿ ಹತ್ತು ಆಜ್ಞೆಗಳ ಹಳೆಯ ಹಲಗೆ. 'ಕದಿಯಬಾರದು' ಎಂಬ ಸಾಲು ಸರಿಯಾಗಿ ಅವರ ನೆತ್ತಿಯ ಮೇಲೆ. ಮೊದಲು ನಕ್ಕವರು ಮಿಸೆಸ್ ಬೆರಿಲ್. ಟೋಪಿ ಅಲುಗಾಡುವಂತೆ ನಕ್ಕರು. ಗುಲಾಬಿ ಕೀರ್ತನೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ನಾಚಿಕೆಗೋ ನಗೆಗೋ ತಿಳಿಯಲಿಲ್ಲ.

ಸದಾನಂದರು ತಡವರಿಸುತ್ತ ಲೀಗು, ಒಂದು ಗಂಟೆ, ಎಜ್‌ವೇರ್ ಎಲ್ಲ ಹೇಳಿದರು. ರೆವರೆಂಡರು ಗಡಿಯಾರ ನೋಡಿದರು. "ಇಸ್ರಾಯೇಲ್ಯರು ನಲವತ್ತು ವರ್ಷ ಕಾದರು. ಉಳಿದದ್ದು ಇನ್ನೊಂದು ಭಾನುವಾರವಾದರೂ ಆದೀತು" ಎಂದು ಎರಡೇ ಸಾಲಿನ ಆಶೀರ್ವಚನ ಹೇಳಿ ಮುಗಿಸಿದರು. ಆಮೇಲೆ ಮೆಲ್ಲನೆ, "ವ್ಯಾನಿನಲ್ಲಿ ಇನ್ನೊಬ್ಬರಿಗೆ ಜಾಗವಿದೆಯೇ?" ಎಂದು ಕೇಳಿದರು.

ಪಂದ್ಯದಲ್ಲಿ ತಂಡ ಎದುರಾಳಿಯ ಹದಿನಾಲ್ಕು ಓಟಕ್ಕೆ ಬರೀ ಮೂರು ಗಳಿಸಿ ಸೋತಿತು. ಮೂರರಲ್ಲಿ ಎರಡು ಓಟ ನಿತೀಶನವು, ನಿದ್ದೆ ಪೂರ್ತಿ ಇಳಿದಿತ್ತು. ರೆವರೆಂಡರು ಬಸಲಿಂಗವ್ವನ ಪಕ್ಕದಲ್ಲಿ ಕೂತು ಚುರುಮುರಿ ತಿಂದರು. ಆಕೆ ಧಾರವಾಡದ ಮಾತಿನಲ್ಲೇ ಮೂಗು, ಕಿವಿ, ಮೊಣಕಾಲು ಮುಟ್ಟಿ ಎಲ್ಲ ಸನ್ನೆ ಕಲಿಸಿದರು. ಅಂಪೈರ್ ಶಿಶಿರನನ್ನು ಔಟ್ ಕೊಟ್ಟಾಗ ಎದ್ದುನಿಂತು ವಾದಿಸಿದವರು ಕೋಚ್ ಅಲ್ಲ, ವಲಯದ ಮೇಲಧಿಕಾರಿಗಳು. ಸದಾನಂದರೇ ಹೋಗಿ ತೋಳು ಹಿಡಿದು ಕೂರಿಸಬೇಕಾಯಿತು.

ಎರಡು ವಾರದ ನಂತರ ರೆವರೆಂಡರ ಕಾಗದ ಬಂತು. ಏಪ್ರಿಲಿನಿಂದ ಸೆಪ್ಟೆಂಬರ್ ತನಕ ಆರಾಧನೆಯನ್ನು ಒಂಬತ್ತಕ್ಕೆ ಇಟ್ಟುಕೊಳ್ಳಬಹುದು. ಪ್ರಸಂಗ ಮಾತ್ರ ಅರ್ಧ ಗಂಟೆಗೆ ಕಡಿಮೆ ಇರಕೂಡದು, ಅದರಲ್ಲಿ ಬೇಸ್‌ಬಾಲಿನ ದೃಷ್ಟಾಂತ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಬರಕೂಡದು.

"ಒಂಬತ್ತಕ್ಕೆ ಯಾರು ಬರ್ತಾರೆ?" ಎಂದು ಗುಲಾಬಿ ತಲೆಯಾಡಿಸಿದರು. ಬಂದರು. ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿ ಮುಗಿಸಿದವರು, ಇಷ್ಟು ವರ್ಷ ಹತ್ತೂವರೆಯ ತನಕ ಕಾಯಲಾಗದೆ ಮನೆಗೆ ಹೋಗಿ ಮಲಗುತ್ತಿದ್ದವರು, ಈಗ ಹಳದಿ ಜಾಕೆಟಿನಲ್ಲೇ ನೇರ ಚರ್ಚಿಗೆ ಬರತೊಡಗಿದರು. ಮೊದಲ ಕೀರ್ತನೆಯನ್ನು ಗಟ್ಟಿಯಾಗಿ ಹಾಡಿ, ಪ್ರಸಂಗ ಶುರುವಾದೊಡನೆ ಸಾಲಾಗಿ ಗೊರಕೆ ಹೊಡೆಯುತ್ತಿದ್ದರು. ಮಿಸೆಸ್ ಬೆರಿಲ್ ಎಬ್ಬಿಸಲು ಹೊರಟಾಗ ಸದಾನಂದರು ಬೇಡವೆಂದು ಕೈಸನ್ನೆ ಮಾಡಿದರು. ಶೆಡ್ಡಿನಲ್ಲಿ ಅವರ ಕೈಕೆಳಗೆ ರಾತ್ರಿಯಿಡೀ ಪೆಟ್ಟಿಗೆ ಹೊತ್ತವರೂ ಅವರಲ್ಲಿದ್ದರು. ಅರ್ಧ ಗಂಟೆಯ ಪ್ರಸಂಗವನ್ನು ಸದಾನಂದರು ಒಂದು ನಿಮಿಷವೂ ಕಡಿಮೆಯಾಗದಂತೆ, ಆದರೆ ಯಾರಿಗೂ ಎಚ್ಚರವಾಗದಂತೆ, ತಗ್ಗಿದ ದನಿಯಲ್ಲಿ ಹೇಳಿ ಮುಗಿಸುತ್ತಿದ್ದರು.