ಕೆನೆಬಣ್ಣದ ಮೇಲೊಂದು ಕೆಂಪು ಗೆರೆ

ಆತನನ್ನು ಬೀದಿಯವರೆಲ್ಲ ಚಕ್ರಣ್ಣ ಎಂದೇ ಕರೆಯುವುದು. ಹಳೆಯ ಕಾರುಗಳ ಚಕ್ರದ ರಿಮ್ಮುಗಳಿಗೆ ಮೊದಲಿದ್ದ ಬಣ್ಣವನ್ನೇ ಮರಳಿಸುವ ಕಸುಬು ಎಂಬುದು ಅರ್ಧ ಕಾರಣ. ಮನುಷ್ಯ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂಬುದು ಇನ್ನರ್ಧ. ಅವನು ಕೂತು ಉಂಡದ್ದನ್ನು ಕಂಡವರು ಕಡಿಮೆ. ತಟ್ಟೆ ಹಿಡಿದು ಶೆಡ್ಡಿನ ತುಂಬ ಓಡಾಡುತ್ತ, ಬಣ್ಣ ಒಣಗಿತೇ ಎಂದು ಇಣುಕುತ್ತ ಉಣ್ಣುವ ಆಸಾಮಿ. ಇಂಥವನು ದಿನಗಟ್ಟಲೆ ಕಾಯಬೇಕಾದ ಕೆಲಸವನ್ನೇ ಯಾಕೆ ಹಿಡಿದನೋ ದೇವರೇ ಬಲ್ಲ. ಮೂವತ್ತು ವರ್ಷ ಅದು ನಡೆದದ್ದು ಹೆಂಡತಿಯಿಂದ. ಈ ಮಾತನ್ನು ಅವನೂ ಒಪ್ಪುತ್ತಾನೆ, ಅವಳು ಪಕ್ಕದಲ್ಲಿ ಇಲ್ಲದಿದ್ದಾಗ.

ತುಕ್ಕು ಕೆರೆಯುವುದು, ಹಳೆಯ ಬಣ್ಣವನ್ನು ಪದರ ಪದರವಾಗಿ ಬಿಡಿಸಿ ತಳದ ಬಣ್ಣ ಪತ್ತೆ ಹಚ್ಚುವುದು, ಅದೇ ಬಣ್ಣ ಬೆರೆಸಿ ಹೊಡೆಯುವುದು ಅವನ ಪಾಲು. ರಿಮ್ಮಿನ ಅಂಚಿನ ಸುತ್ತ ಬರುವ ತೆಳು ಗೆರೆ ಅವಳದು. ರಿಮ್ಮನ್ನು ಸ್ಟ್ಯಾಂಡಿಗೇರಿಸಿ ಅವನು ಒಂದೇ ಸಮನೆ ತಿರುಗಿಸಬೇಕು. ಅವಳು ಮೊಣಕೈಯನ್ನು ಮರದ ತುಂಡಿನ ಮೇಲೆ ಊರಿ, ಉದ್ದ ಕೂದಲಿನ ಕುಂಚವನ್ನು ಅಲ್ಲಾಡದಂತೆ ಹಿಡಿಯಬೇಕು. ಒಂದೇ ಸುತ್ತು, ಗೆರೆ ಮುಗಿಯಿತು. "ತಿರುಗ್ಸೋದೇನ್ ಮಹಾ, ಗಾಳಿ ಬೀಸಿದ್ರೂ ತಿರುಗುತ್ತೆ" ಎಂದು ಅವನು ಬಂದವರೆದುರು ನಗುತ್ತಿದ್ದ.

ಈಚೆಗೆ ಅವಳ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಕುಂಚ ಎರಡು ಸಲ ಕೈಜಾರಿತು. ಮಣಿಕಟ್ಟಿನ ನರ ಒತ್ತಿಕೊಂಡಿದೆ ಎಂದು ಆಪರೇಷನ್ ಮಾಡಿದರು. ಆರು ವಾರ ಕುಂಚ ಮುಟ್ಟಬಾರದೆಂದು ಅಪ್ಪಣೆಯಾಯಿತು. ಆ ಆರು ವಾರ ಚಕ್ರಣ್ಣ ಪಟ್ಟ ಪಾಡು ಯಾರಿಗೂ ಬೇಡ. ರಾತ್ರಿ ನಿದ್ದೆಯಿಲ್ಲ, ಹಗಲು ನಿಂತಲ್ಲಿ ನಿಲ್ಲುವುದಿಲ್ಲ. ಗಳಿಗೆಗೊಮ್ಮೆ ಒಳಗೆ ಹೋಗಿ, "ಬೆರಳು ಆಡಿಸು ನೋಡೋಣ" ಎನ್ನುವುದು.

"ರೀ, ಇದೇನು ಕೈಯೋ ಗಿಲಕಿಯೋ? ಹೋಗಿ ಆ ಕಡೆ" ಎಂದು ಅವಳು ಗದರುವುದು.

ಶೆಡ್ಡಿನಲ್ಲಿ ಹಲ್ಲಿನ ಡಾಕ್ಟರೊಬ್ಬರ ಅಪ್ಪನ ಕಾರಿನ ಐದು ರಿಮ್ಮುಗಳು ಕಾಯುತ್ತಿದ್ದವು. ಬೆಳ್ಳಿ, ಕಪ್ಪು, ಹಸಿರು ಎಂದು ಕಂಡಕಂಡವರು ಬಳಿದದ್ದನ್ನೆಲ್ಲ ಬಿಡಿಸಿದ ಮೇಲೆ ತಳದಲ್ಲಿ ಕೆನೆಬಣ್ಣ ಸಿಕ್ಕಿತ್ತು. ಸ್ಟೆಪ್ನಿಯ ಮುಚ್ಚಳದ ಮರೆಯಲ್ಲಿ ಬೆರಳುದ್ದ ಕೆಂಪು ಗೆರೆಯೂ ಉಳಿದಿತ್ತು. ಕೆನೆಬಣ್ಣ ಹೊಡೆದು, ಗಟ್ಟಿಯಾಗಿ ಒಣಗಿಸಿ ಆಗಿತ್ತು. ಬಾಕಿ ಇದ್ದದ್ದು ಗೆರೆಯೊಂದೇ.

ಹಲ್ಲಿನ ಡಾಕ್ಟರು ಒಳ್ಳೆಯವರೇ. "ನಿಮ್ಮನೆಯವ್ರ ಕೈಲಿ ಆಗ್ಲಿಲ್ಲ ಅಂದ್ರೆ ಕೆಂಪು ಸ್ಟಿಕ್ಕರ್ ಅಂಟ್ಸಿಬಿಡೋಣ. ಯಾರಿಗ್ ಗೊತ್ತಾಗುತ್ತೆ? ಈ ವಾರ ಕಾದು ನೋಡಿ" ಎಂದಿದ್ದರು. ಅವಳು ಒಳಗಿನಿಂದ ಕೇಳಿಸಿಕೊಂಡಳು. ಅಂದಿನಿಂದ ಮಾತು ಕಡಿಮೆಯಾಯಿತು. ಈ ಸಲ ಸ್ಟಿಕ್ಕರ್ ಹತ್ತಿದರೆ ಅವಳು ಇನ್ನೆಂದೂ ಕುಂಚ ಎತ್ತುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಆರು ವಾರ ತುಂಬಿದ ಮರುದಿನ ಬೆಳಗ್ಗೆ ಅವಳು ತಾನಾಗಿಯೇ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಅವನು ರಿಮ್ಮು ಏರಿಸಿದ. ಅವಳು ಕುಂಚ ತಾಗಿಸಿದಳು. ಅವನು ತಿರುಗಿಸತೊಡಗಿದ, ಕಣ್ಣೆಲ್ಲ ಅವಳ ಬೆರಳುಗಳ ಮೇಲೆ.

ಗೆರೆ ಕೆಟ್ಟಿತು. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರು. ಎರಡನೆಯ ಸಲವೂ ಕೆಟ್ಟಿತು. ಮೂರನೆಯದೂ.

ಅವಳು ಕುಂಚ ಕೆಳಗಿಟ್ಟಳು. "ಡಾಕ್ಟರಿಗೆ ಹೇಳ್ಬಿಡಿ, ಸ್ಟಿಕ್ಕರ್ರೇ ಆಗ್ಲಿ. ನನ್ ಕೈ ಮುಗೀತು."

ಅವನು ಬಟ್ಟೆ ಹಿಡಿದು ಒರೆಸಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಗೆರೆ ಡೊಂಕಾಗಿರಲಿಲ್ಲ. ಕೈ ನಡುಗಿದರೆ ಗೆರೆ ಹಾವಿನ ಹಾಗೆ ಅತ್ತಿತ್ತ ಹೊರಳುತ್ತದೆ. ಇದು ಇದ್ದ ದಾರಿಯಲ್ಲೇ ಇತ್ತು. ಆದರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಚಕ್ರ ತಡೆದಲ್ಲಿ ಬಣ್ಣ ಮಡುಗಟ್ಟುತ್ತದೆ, ಓಡಿದಲ್ಲಿ ಎಳೆಯಾಗುತ್ತದೆ. ಮೂವತ್ತು ವರ್ಷದಲ್ಲಿ ಅಷ್ಟೂ ತಿಳಿಯದವನೇ ಅವನು?

ಒರೆಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಬಟ್ಟೆಯನ್ನು ಪಕ್ಕಕ್ಕಿಟ್ಟ.

"ನಿನ್ ಕೈಯಲ್ಲ ಕಣೇ" ಎಂದ. "ನಂದು. ಇಲ್ನೋಡು, ದಪ್ಪ, ಸಣ್ಣ. ನಿನ್ ಬೆರಳು ನೋಡ್ತಾ ನೋಡ್ತಾ ನಾನೇ ಚಕ್ರಾನ ಜಗ್ಗಿ ಜಗ್ಗಿ ತಿರುಗ್ಸಿದೀನಿ."

ಅವಳು ಕನ್ನಡಕ ಏರಿಸಿ ಗೆರೆಯನ್ನು ಸುತ್ತಲೂ ನೋಡಿದಳು. ಆಮೇಲೆ ಅವನ ಮುಖ ನೋಡಿದಳು. "ಅಲ್ಲಾ, ಇಷ್ಟೊತ್ತೂ ನನ್ ಹೊಟ್ಟೆ ಉರ್ಸಿದ್ರಲ್ಲ! ಗಾಳಿ ಬೀಸಿದ್ರೂ ತಿರುಗುತ್ತಾ?"

"ಇಲ್ಲ. ತಪ್ಪಾಯ್ತು."

"ಇನ್ನೊಂದ್ ಸ್ಟೂಲ್ ತನ್ನಿ. ಕೂತ್ಕೊಳ್ಳಿ. ನನ್ ಕೈ ಕಡೆ ನೋಡಿದ್ರೆ ಇದೇ ಕುಂಚದಲ್ಲಿ ಮೂತಿಗೆ ಬಳೀತೀನಿ. ಗೋಡೆ ನೋಡಿ."

ಅವನು ಕೂತ. ಗೋಡೆ ನೋಡಿದ. ಮಂಡಿ ಕುಣಿಯಲು ಹವಣಿಸಿತು. ಎಡಗೈಯಲ್ಲಿ ಅದುಮಿ ಹಿಡಿದ. ಅವಳ ಬೆರಳು ಸೋಲುತ್ತಿದೆಯೋ ಏನೋ ಎಂದು ಕತ್ತು ತಾನಾಗಿ ಹೊರಳುತ್ತಿತ್ತು, ಹೊರಳಗೊಡಲಿಲ್ಲ. ಅಷ್ಟು ಉದ್ದದ ಸುತ್ತನ್ನು ಅವನು ಜನ್ಮದಲ್ಲಿ ತಿರುಗಿಸಿರಲಿಲ್ಲ.

"ಸಾಕು" ಎಂದಳು. ಕುಂಚ ಎತ್ತಿದವಳೇ ಗೆರೆ ನೋಡದೆ ಕಣ್ಣು ಮುಚ್ಚಿಕೊಂಡಿದ್ದಳು. "ತುದಿ ಕೂಡಿದೆಯಾ? ನೀವೇ ನೋಡಿ ಹೇಳಿ. ಸುಳ್ ಹೇಳ್ಬೇಡಿ."

ಅವನು ರಿಮ್ಮಿಗೆ ಮೂಗು ತಾಗುವಷ್ಟು ಬಗ್ಗಿ, ತುದಿ ಕೂಡಿದ ಗುರುತಿಗಾಗಿ ಎರಡು ಸಲ ಸುತ್ತಲೂ ಹುಡುಕಿದ.

"ಎಲ್ಲಿಂದ ಶುರು ಮಾಡ್ದೆ ನೀನು?" ಎಂದು ಕೇಳಿದ.