ಹಲ್ಲು ನೋಡಿ ತಂದ ಟೈಪ್ ಮಿಷನ್ನು

ಈಗಿನ ಮಕ್ಕಳು ಕಾಲೇಜಿಗೆ ಹೊಂಟ್ರ ಯಾವ ಲ್ಯಾಪ್‌ಟಾಪ್ ಗಟ್ಟಿ, ಯಾವುದು ಹಗುರ ಅಂತ ತಿಂಗಳಗಟ್ಟಲೆ ತಲಿ ಕೆಡಿಸ್ಕೊಂತಾವ. ಮೊನ್ನೆ ನನ್ನ ಮೊಮ್ಮಗಳು ಕೇಳಿದ್ಲು, "ಅಜ್ಜಿ, ನಿಮ್ಮ ಕಾಲದಾಗ ಏನ್ ತಗೊಂತಿದ್ರಿ?" ಅಂತ. "ನಾನು ತಗೊಂಡಿದ್ದು ನಿನ್ನ ಕೈಲೆ ಎತ್ತಾಕ ಆಗಂಗಿಲ್ಲ, ತಗಿ ಅತ್ಲಾಗ," ಅಂದೆ. ಆಕಿ ನಕ್ಕಳು. ನಾನು ನಗಲಿಲ್ಲ, ಖರೇನಾ ಹೇಳಿದ್ದೆ.

ಎಪ್ಪತ್ತರ ದಶಕ ಮುಗಿಯಾಕ ಬಂದಿತ್ತು. ನಮ್ಮೂರು ಆಂಧ್ರದ ಗಡಿಯಾಗ, ಕೌತಾಳಂ ಕಡೆ ಒಂದು ಸಣ್ಣ ಹಳ್ಳಿ, ಅಪ್ಪ ಒಕ್ಕಲುತನ ಮಾಡೋನು. ಊರಿಂದ ಬಸ್ ಹತ್ತಿ ಆದೋನಿ ಕಾಲೇಜಿಗೆ ಹೋದ ಮೊದಲನೇ ಹುಡುಗಿ ನಾನು. ಇದನ್ನ ಎಷ್ಟು ಸಲ ಹೇಳಿದ್ರೂ ನನಗ ಬ್ಯಾಸರಿಲ್ಲ, ಕೇಳೋರಿಗೆ ಇದ್ರ ಇರಲಿ.

ಆದ್ರ ಒಂದು ತಕರಾರು ಇತ್ತು. ಅವ್ವನ ತಮ್ಮ, ನಮ್ಮ ಸೋದರಮಾವ, ಆದೋನಿಯ ಒಂದು ಆಫೀಸಿನಾಗ ಗುಮಾಸ್ತ. ಬಿಳೀ ಅಂಗಿ ಬಿಟ್ಟು ಬ್ಯಾರೆ ಹಾಕದ ಮನುಷ್ಯ. ನನ್ನ ತನ್ನ ಮಗನಿಗೆ ತರಬೇಕಂತ ಅವನಿಗೆ ಆಸೆ. "ಬಿ.ಕಾಂ. ಓದಿ ಏನ್ ಮಾಡ್ತಾಳ? ಈ ವರ್ಷ ಟೈಪಿಂಗ್ ಪರೀಕ್ಷೆ ಪಾಸಾಗಿ ತೋರಿಸ್ಲಿ, ಮುಂದ ಓದಲಿ. ಇಲ್ಲಾಂದ್ರ ಮಾಘದಾಗ ಅಕ್ಷತಿ ಹಾಕಿಬಿಡೋಣ," ಅಂದ. ಅವ್ವ ತಲಿ ಆಡಿಸಿದ್ಲು, ಅಪ್ಪನೂ "ಆಗ್ಲಿ" ಅಂದುಬಿಟ್ಟ. ನನಗ ಮೈಯೆಲ್ಲ ಉರಿದು ಹೋತು. ಮಾವನ ಮಗ ಒಳ್ಳೆ ಹುಡುಗನೇ, ಅದು ಬ್ಯಾರೆ ಮಾತು. ನನಗ ಕಾಲೇಜ್ ಬೇಕಾಗಿತ್ತು.

ಟೈಪಿಂಗ್ ಕಲಿಸೋ ಇನ್‌ಸ್ಟಿಟ್ಯೂಟಿನಾಗ ಮಿಷನ್ ಕಡಿಮಿ, ಹುಡುಗರು ಎದ್ದ ಮ್ಯಾಲೆ ಉಳಿದ ಹೊತ್ತು ಹುಡುಗ್ಯಾರಿಗೆ. ಪರೀಕ್ಷೆಗೆ ಸ್ವಂತ ಮಿಷನ್ ಇದ್ದೋರು ತಮ್ಮದಾ ತರಬಹುದಿತ್ತು. ಅಪ್ಪ ಯೋಚನಿ ಮಾಡಿ, "ಕೂರಿಗಿ ಇಲ್ದ ಬಿತ್ತು ಅಂದ್ರ ಹೆಂಗ ಬಿತ್ತಬೇಕು ಹುಡುಗಿ? ನಡಿ, ಒಂದು ತರೋಣ," ಅಂದ.

ಹಳೇ ಮಿಷನ್ ಮಾರೋ ಅಂಗಡಿ ಹತ್ತಿ ಫ್ಯಾಕ್ಟರಿಗಳ ಓಣ್ಯಾಗ ಇತ್ತು. ಗಾಳಿ ಬೀಸಿದ್ರ ಸಾಕು, ಹತ್ತಿ ಎಳಿ ಮೂಗಿನಾಗ, ಕಣ್ಣಾಗ, ಚಾದಾಗ. ಮಾವನೂ ಬಂದಿದ್ದ. ಅವನಿಗೆ ಒಂದು ಸಣ್ಣ ಮಿಷನ್ ಮನಸಿಗೆ ಬಂತು. ತಿಳಿ ಹಸಿರು ಬಣ್ಣ, ಮುಚ್ಚಿದ್ರ ಸೂಟ್‌ಕೇಸು. ಅಂಗಡಿ ಸಾಹೇಬರೂ "ಚಾಲಾ ಲೈಟಮ್ಮಾ, ಏಕ್‌ದಂ ನಯಾ," ಭಾಳ ಹಗುರ, ಹೊಚ್ಚ ಹೊಸಾದು ಅಂತ ತೆಲುಗು, ಉರ್ದು ಎರಡರಾಗೂ ಹೊಗಳಿದ್ರು. ಮೂಲ್ಯಾಗ ಇನ್ನೊಂದು ಕುಂತಿತ್ತು. ಕರೇದು, ಪೂರಾ ಕಬ್ಬಿಣ, ಎಮ್ಮಿಯಂಥಾದ್ದು.

ಅಪ್ಪ ನನ್ನ ಕಿವ್ಯಾಗ, "ಎತ್ತು ಹೆಂಗ ನೋಡ್ತೀವೋ ಹಂಗ ನೋಡು," ಅಂದ. ಸಂತ್ಯಾಗ ಅಪ್ಪ ಎತ್ತಿನ ಹಲ್ಲು ನೋಡ್ತಿದ್ದ, ಬೆನ್ನಿನ ಮ್ಯಾಲೆ ಭಾರ ಹಾಕ್ತಿದ್ದ, ಗುದ್ದಿ ನೋಡ್ತಿದ್ದ ಬೆದರತೈತೇನು ಅಂತ. ನಾನು ಸಂತಿಗೆ ಹೋದಾಕಿ ಅಲ್ಲ, ಹೆಣ್ಮಕ್ಕಳು ಹೋಗ್ತಿರಲಿಲ್ಲ. ಆದ್ರ ಮನಿಗೆ ಬಂದು ಅವನು ಹೇಳೋದೆಲ್ಲ ಬಾಯಿಪಾಠ ಆಗಿತ್ತು. ಅಕ್ಷರದ ಹಲ್ಲುಗಳ ಮ್ಯಾಲೆ ಬೆರಳಾಡಿಸಿದೆ. ಹಸಿರುದ್ದು ಸವದಿತ್ತು, ಕರೇದರದು ಚೂಪಗಿತ್ತು. ಎರಡನ್ನೂ ಮೇಜಿನ ಮ್ಯಾಲಿಟ್ಟು ಅಕ್ಷರಗಳನ್ನ ಜೋರಾಗಿ ಬಡದೆ. ಹಸಿರುದ್ದು ಕುಣ್ಕೊಂತ ಮೇಜಿನ ಅಂಚಿಗೆ ಬಂತು. ಕರೇದು ಕದಲಲಿಲ್ಲ.

"ಇದಾ ಬೇಕು," ಅಂದೆ.

"ಹುಚ್ಚ ಹಿಡದೈತೇನು? ಹೆಣ್ಹುಡುಗಿ ಇದನ್ನ ಹೊತ್ಕೊಂಡು ಪರೀಕ್ಷೆಗೆ ಹೋಗ್ತಾಳಂತ!" ಮಾವ ಹಣಿ ಬಡ್ಕೊಂಡ. ಅಪ್ಪ ಹೆಗಲ ಮ್ಯಾಲಿನ ಟವೆಲ್ ಸುತ್ತಿ ಸಿಂಬಿ ಮಾಡಿ, ಕರೇ ಮಿಷನ್ನ ತಲಿ ಮ್ಯಾಲೆ ಇಟ್ಕೊಂಡ. ಬಸ್ ಸ್ಟ್ಯಾಂಡಿನಾಗ ಯಾರೋ "ಏನಪ್ಪಾ ಅದು?" ಅಂದ್ರ, "ನನ್ನ ಮಗಳ ಕೂರಿಗಿ," ಅಂದ. ನಾನು ಹಿಂದ ಎದಿ ಸೆಟೆಸಿ ನಡದೆ.

ಅವತ್ತಿಂದ ಪಡಸಾಲ್ಯಾಗ ದಿನಾ ಟಕಾ ಟಕಾ. ಓಣಿ ಮಂದಿ ಬಂದು ನಿಂತು ನೋಡಿ ಹೋಗೋರು. ದಸರಾ ಹೊತ್ತಿಗೆ ಕಣ್ಮುಚ್ಚಿ ಟೈಪ್ ಮಾಡೋ ಹಂಗಾದೆ. ಹಬ್ಬ ಮುಗಿದು ಒಂದು ದಿನ ಬಿಟ್ಟು ಪರೀಕ್ಷೆ.

ಆಯುಧ ಪೂಜಿ ದಿನ ನಾನು ಅವ್ವನ ಜೊತಿ ಹೋಳಿಗಿ ಲಟ್ಟಿಸ್ತಿದ್ದೆ. ಅಪ್ಪ ಅಂಗಳದಾಗ ನೇಗಿಲು, ಕುಂಟಿ, ಕುಡುಗೋಲು ತೊಳೆದಿಟ್ಟು, ಬಂಡಿ ಗಾಲಿಗೆ ಕೀಲೆಣ್ಣಿ ಹಚ್ಚಿದ. ಹರಳೆಣ್ಣಿಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಅಂಟಂಟು ಎಣ್ಣಿ ಅದು, ಗಾಲಿ ಕಿರ್ ಅನ್ನದಂಗ ತಿರುಗಲಿ ಅಂತ. ಆಮ್ಯಾಲೆ ಮಗಳ ಆಯುಧನೂ ಸುಸೂತ್ರ ನಡೀಲಿ ಅಂತ ಅದಾ ಎಣ್ಣಿನ ಮಿಷನ್ನಿನ ಹೊಟ್ಟಿ ತುಂಬ, ಒಂದು ಕೀಲೂ ಬಿಡದಂಗ ಮೆತ್ತಿದ. ಮ್ಯಾಲೆ ಅರಿಶಿನ, ಕುಂಕುಮ, ಚೆಂಡುಹೂವು.

ಊಟ ಆದ ಮ್ಯಾಲೆ ಕುಂತು ಒಂದು ಅಕ್ಷರ ಒತ್ತಿದೆ. ಅದು ಎದ್ದು ಹಾಳಿಗೆ ಅಂಟಿ ಅಲ್ಲೇ ನಿಂತ್ಬಿಡ್ತು. ಇನ್ನೊಂದು ಮ್ಯಾಲೇ ಏಳಲಿಲ್ಲ. ಅಯ್ಯೋ ಶಿವನೇ, "ಅಪ್ಪಾ" ಅಂತ ಚೀರಿದೆ! ಅಪ್ಪ ಓಡಿ ಬಂದ. "ಗಾಲಿಗೆ ಹಚ್ಚಿದ್ರ ತಿರುಗ್ತೈತಲ್ಲೇ, ಇದ್ಯಾಕ ನಿಂತ್ಕೊಂತು?" ಅಂದವನು ಬೇವಿನ ಗಿಡದ ಕೆಳಗ ತಲಿ ಮ್ಯಾಲೆ ಕೈ ಹೊತ್ತು ಕುಂತ. ಬೈಯ್ಯಾಕ ಬಾಯಿ ತೆಗೆದಾಕಿ ಅವನ ಮುಖ ನೋಡಿ ಮುಚ್ಚಿದೆ.

ಹಬ್ಬದೂಟಕ್ಕ ಬಂದ ಮಾವ ಅದನ್ನ ಬಗ್ಗಿ ನೋಡಿದ. ಈಗ ಮಾಘದ ಮಾತು ತೆಗಿತಾನ ಅಂತ ನಾನು ಹಲ್ಲು ಕಚ್ಚಿದೆ.

"ಅವ್ವಾ, ಸೀಮೆಎಣ್ಣಿ ಡಬ್ಬಿ ತಾ," ಅಂದೆ.

"ಬಣ್ಣ ಹೋಗ್ತೈತಿ, ಎಲ್ಲಾ ಕೆಡತೈತಿ," ಅಂದ ಮಾವ.

"ನಿನ್ನ ಹಸಿರುದ್ದಾಗಿದ್ರ ಕೆಡತಿತ್ತು. ಇದು ಕಬ್ಬಿಣ."

ಮಾವ ನನ್ನನ್ನೊಮ್ಮೆ, ಗಿಡದ ಕೆಳಗಿದ್ದ ಅಪ್ಪನನ್ನೊಮ್ಮೆ ನೋಡಿದ. ಬಿಳೀ ಅಂಗಿ ತೋಳು ಮಡಚಿ ಮಿಷನ್ನ ಬೋರಲು ಹಿಡಕೊಂಡ. "ಸೋಲೋದಾದ್ರ ಪರೀಕ್ಷೆದಾಗ ಸೋಲು. ಕೀಲೆಣ್ಣಿ ಕೈಲೆ ಸೋತ್ರ ಅದನ್ನ ನಾನು ಒಪ್ಪಂಗಿಲ್ಲ. ಹಾಕು ಎಣ್ಣಿ." ಖರೇ ಹೇಳ್ತೀನಿ, ಆ ಮನುಷ್ಯನ ಮ್ಯಾಲಿನ ಸಿಟ್ಟೆಲ್ಲ ಅವತ್ತಾ ಇಳಿದು ಹೋತು. ಸೀಮೆಎಣ್ಣಿ ಸುರಿದು, ಹಲ್ಲುಜ್ಜೋ ಬ್ರಷ್ಷಿನಿಂದ ಒಂದೊಂದೇ ಅಕ್ಷರ ತಿಕ್ಕಿದೆ. ಹತ್ತಿ ಎಳಿ, ಕುಂಕುಮ, ಕರಿ ಎಲ್ಲಾ ಮುದ್ದಿ ಮುದ್ದಿ ಉದುರಿತು. ಮಾವನ ಅಂಗಿ ಬಂಡಿ ಅಚ್ಚು ಒರೆಸೋ ಅರಿವಿ ಆಗಿತ್ತು. ಮರುದಿನ ಬಿಸಲಿಗೆ ಒಣಗಿಸಿ ಒತ್ತಿದೆ. ಟಕ್ ಅಂತು. ಅವತ್ತೂ ಗಿಡದ ಕೆಳಗಾ ಹೋಗಿ ಕುಂತಿದ್ದ ಅಪ್ಪ ಎದ್ದು ಬಂದ.

ಪರೀಕ್ಷೆ ಹಾಲಿನಾಗ ನನ್ನ ಮಿಷನ್ನು ಹರಳೆಣ್ಣಿ ಸೀಮೆಎಣ್ಣಿ ಎರಡೂ ನಾರುತಿತ್ತು. ಪಕ್ಕದ ಹುಡುಗಿ ಮೂಗು ಮುಚ್ಕೊಂಡ್ಲು. ಮುಚ್ಕೊಳ್ಳಲಿ ಬಿಡು. ಗಂಟಿ ಹೊಡೀತಿದ್ದಂಗ ಎಲ್ಲರೂ ಬಡಿಯಾಕ ಹತ್ತಿದ್ರು. ಆಕಿಯ ಹಗುರ ಮಿಷನ್ನು ಜಾರ್ಕೊಂತ ಹೊಂಟು, ಒಂದು ಕೈಲೆ ಅದನ್ನ ಹಿಡಿಯೋದಾ ಆಕಿಗೆ ಕೆಲಸ ಆತು. ನನ್ನದು ಕುಂತಲ್ಲಿಂದ ಏಳಲಿಲ್ಲ. ನಾನೂ ಏಳಲಿಲ್ಲ, ಹಾಳಿ ತುಂಬೋ ತನಕ.

ರಿಜಲ್ಟ್ ನೋಡ್ಕೊಂಡು ಬಂದೋನು ಮಾವನಾ. ಬಸ್ಸಿಳಿದು ಅಂಗಳಕ್ಕ ಬರೋಕಿಂತ ಮುಂಚೇನಾ ಕೂಗಿದ, "ಪಾಸು! ಓದಲಿ ಬಿಡ್ರಿ ಇನ್ನ!" ಅವ್ವ ಅತ್ತಳು, ಅಪ್ಪ ಹೊಲಕ್ಕ ಹೋಗಿ ಎತ್ತುಗಳಿಗೆ ಹೇಳಿ ಬಂದ.

ಆ ಬ್ಯಾಸಗಿಗೆ ಮುಂಚೆ ನಮ್ಮ ಒಂದು ಎತ್ತು ಮುದಿಯಾತು. ಅಪ್ಪ ರುಮಾಲು ಸುತ್ಕೊಂತ ನನ್ನ ಮುಂದ ಬಂದು ನಿಂತ. "ನಾಳಿ ಸಂತಿಗೆ ನೀ ಬಾ. ನಿನ್ನ ಕೈ ಬೇಷೈತಿ, ನೀನಾ ಹಲ್ಲು ನೋಡು."

"ಅಪ್ಪಾ, ನಾಳಿ ನನಗ ಕಾಲೇಜ್ ಐತಲ್ಲ."

"ಹೌದಲ್ಲ!" ಅಂದ. ಆಮ್ಯಾಲೆ ಸುತ್ತಿದ ರುಮಾಲು ಬಿಚ್ಚಿ ಗೂಟಕ್ಕ ಹಾಕಿದ. "ಹಂಗಾರ ನಿನಗ ಸೂಟಿ ಇದ್ದ ವಾರ ಹೋಗೋಣ. ಎತ್ತು ಕಾಯ್ತಾವ."