ಮಂಡಕ್ಕಿಯಲ್ಲಿ ಬಂದ ಅರ್ಧ ಕೂಲಿ

ಮದುವೆಯಾಗಿ ತಿಂಗಳುಗಳೇ ಕಳೆದಿದ್ದರೂ ನನ್ನ ಹೆಂಡತಿ ಹರಿಹರದ ತವರಿನಲ್ಲೇ ಇದ್ದಳು. ನಾನು ದಾವಣಗೆರೆಯಲ್ಲಿ ಬಟ್ಟೆ ಮಿಲ್ಲಿನ ಕೆಲಸಗಾರ. ಗೆಳೆಯರ ಜೊತೆ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುತ್ತಿದ್ದೆ. ಬೇರೆ ಕೋಣೆ ಹಿಡಿದು ಅವಳನ್ನು ಕರೆತರಲು ಮಿಲ್ಲಿನ ಸಂಬಳ ಸಾಲುತ್ತಿರಲಿಲ್ಲ. ಮಾವನ ಮುಂದೆ ಕೈಚಾಚುವುದು ನನ್ನಿಂದಾಗದ ಮಾತು. ಅದಕ್ಕೇ ಮಿಲ್ಲು ಬಿಟ್ಟ ಮೇಲೆ ಸಂಜೆ ಹೊತ್ತು ಮಂಡಕ್ಕಿ ಭಟ್ಟಿಗೆ ಸೇರಿಕೊಂಡೆ. ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸ. ಹುಬ್ಬಿನ ಕೂದಲು ಸುಟ್ಟಿತು. ಸುಡಲಿ, ಬಾಡಿಗೆಗೆ ಆಯಿತಲ್ಲ ಎಂದುಕೊಂಡೆ.

ಮೊದಲ ವಾರದ ಬಟವಾಡೆಯ ದಿನ ಭಟ್ಟಿಯ ಸಾಹುಕಾರರು ಅರ್ಧ ಕೂಲಿಯನ್ನು ದುಡ್ಡಿನಲ್ಲಿ ಕೊಟ್ಟು, ಉಳಿದರ್ಧಕ್ಕೆ ಮಂಡಕ್ಕಿ ಅಳೆಯತೊಡಗಿದರು. ಪಕ್ಕದ ಹುಡುಗನಿಗೆ ಮದುವೆಯಾಗಿರಲಿಲ್ಲ. ಅವನಿಗೆ ಪೂರ್ತಿ ದುಡ್ಡು.

"ಇದೇನ್ರಿ ಸಾವ್ಕಾರ್ರೆ? ಮನಿ ಮಾಲಕ್ರು ಬಾಡಿಗಿಗೆ ಮಂಡಕ್ಕಿ ತಗಂತಾರೇನ್ರಿ?"

"ಹೆಂಡ್ತಿ ಇರೋರಿಗೆ ನಮ್ ಭಟ್ಟ್ಯಾಗ ಹಿಂಗೇ ಕಣಪ್ಪ. ರೊಕ್ಕ ಹೋಟ್ಲು ದಾಟಲ್ಲ. ಮಂಡಕ್ಕಿ ಆದ್ರೆ ಮನಿ ಮುಟ್ಟತೈತೆ."

"ನನ್ ಹೆಂಡ್ತಿ ಹರಿಹರದಾಗ ಅದಾಳ್ರಿ."

"ಹಂಗಾರೆ ಹರಿಹರಕ್ಕೇ ಹೊತ್ಕೊಂಡು ಹೋಗು."

ಭಾನುವಾರ ಹೊತ್ತುಕೊಂಡೇ ಹೋದೆ. ರೈಲಿನಲ್ಲಿ ಎಲ್ಲರ ಕಣ್ಣೂ ನನ್ನ ಗಂಟಿನ ಮೇಲೆ. ಅತ್ತೆಮನೆಯ ಹಿತ್ತಲಲ್ಲಿ ಅದನ್ನು ಅವಳ ಮುಂದಿಟ್ಟು, "ಕೈಗೆ ಬಂದಿದ್ದು ಅರ್ಧಾನೇ. ಇದ್ರಾಗ ಬಾಡಿಗಿ ಹುಟ್ಟಲ್ಲ, ಕೆಲ್ಸ ಬಿಡ್ತೀನಿ" ಎಂದೆ.

ಅವಳು ಗಂಟು ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. "ರಾತ್ರಿ ಎಲ್ಲಿ ಉಣ್ತೀರಿ?"

"ಖಾನಾವಳ್ಯಾಗ."

"ಎಷ್ಟು ಕೊಡ್ತೀರಿ?"

ಹೇಳಿದೆ.

"ಇನ್ಮುಂದ ಕೊಡಬ್ಯಾಡ್ರಿ. ಬೆಳಿಗ್ಗೆ ನಾ ರೊಟ್ಟಿ ಬಡಿತೀನಿ, ರಾತ್ರಿ ಇಬ್ರಿಗೂ ಮಂಡಕ್ಕಿ. ಆ ಖಾನಾವಳಿ ರೊಕ್ಕಾನೂ ಬಾಡಿಗಿಗೆ ಹಾಕ್ರಿ. ಸಾಲ್ತೈತೋ ಇಲ್ಲೋ?"

ಶಾಲೆಯನ್ನು ಅರ್ಧಕ್ಕೇ ಬಿಟ್ಟವನು ನಾನು. ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿದೆ. ಸಾಲುತ್ತಿತ್ತು. ಮನಸ್ಸು ಮಾತ್ರ ಒಪ್ಪಲಿಲ್ಲ.

"ಕರ್ಕೊಂಡು ಹೋಗಿ ನಿನಗ ಮಂಡಕ್ಕಿ ತಿನ್ಸಿದ್ರೆ ನಿಮ್ಮಪ್ಪ ಏನಂತಾರೆ?"

"ಅಪ್ಪ ಬಂದ ದಿನ ಅನ್ನ ಮಾಡಿದ್ರಾತು ಬಿಡ್ರಿ."

ಮುಂದಿನ ಬಟವಾಡೆಗೆ ನಾನೇ ದೊಡ್ಡ ಚೀಲ ಹಿಡಿದು ನಿಂತೆ. ಸಾಹುಕಾರರು ನಕ್ಕು ಮಂಡಕ್ಕಿ ಅಳೆದರು.

ಆವರಗೆರೆ ದಾರಿಯಲ್ಲಿ ಒಂದು ಕೋಣೆ ಸಿಕ್ಕಿತು. ನಾನು ಭಟ್ಟಿಯಿಂದ ಬರುವಷ್ಟರಲ್ಲಿ ಅವಳು ಈರುಳ್ಳಿ ಹೆಚ್ಚಿ, ಒಗ್ಗರಣೆಗೆ ಒಂದಿಷ್ಟು ಶೇಂಗಾ ಹಾಕಿ ಮಂಡಕ್ಕಿ ಕಲಸಿರುತ್ತಿದ್ದಳು. ಇಬ್ಬರಿಗೂ ಒಂದೇ ತಟ್ಟೆ. ಶೇಂಗಾ ಆರಿಸಿ ಅವಳು ನನ್ನ ಕಡೆ ಸರಿಸುವಳು, ನಾನು ಅವಳ ಕಡೆ ಸರಿಸುವೆ. ಮಂಡಕ್ಕಿಯೆಲ್ಲ ಮುಗಿದ ಮೇಲೂ ತಟ್ಟೆಯ ನಡುವೆ ಶೇಂಗಾ ಹಾಗೇ ಉಳಿದಿರುತ್ತಿತ್ತು.